ಮೂರನೆಯ ಯಂತ್ರದ ಬೆನ್ನು

ಅಂಜನಾ ಪೆನ್ನು ಹಿಡಿದು ಕೂತಿದ್ದಳು. ಹೇಳಿಕೆಯ ಕೊನೆಯ ಪುಟ ಅವಳ ಮುಂದಿತ್ತು. ಸಹಿ ಮಾಡಬೇಕಾದ ಜಾಗಕ್ಕೆ ಹೆಡ್ ಕಾನ್‌ಸ್ಟೆಬಲ್ ಮಲಕಪ್ಪ ಪೆನ್ಸಿಲಿನಿಂದ ಸಣ್ಣಗೆ ಗುರುತು ಹಾಕಿಕೊಟ್ಟಿದ್ದ.

"ಓದಿದೇನವಾ?" ಇನ್ಸ್‌ಪೆಕ್ಟರ್ ಅನುರಾಧಾ ಕೇಳಿದರು.

"ಓದೂದೇನೈತ್ರಿ? ನಾನಽ ಹೇಳಿದ್ದದು. ನಾ ಮರ್ತೆ. ನಾ ಮರ್ತಿದ್ದಕ್ಕ ಒಬ್ಬ ಮನಿಷ್ಯಾ ಸತ್ತ."

ಮಲಕಪ್ಪ ಎದ್ದು, ತನ್ನ ಕಡೆಗಿದ್ದ ಟೇಬಲ್ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ. ಕಾಗದ ಹಾರತೊಡಗಿದಾಗ ತನ್ನ ಸೈಕಲ್ ಮೋಟರಿನ ಕೀಲಿಯನ್ನು ಅದರ ಮೇಲಿಟ್ಟ.

ಹೋದ ವಾರ ಹುನಗುಂದ ತಾಲೂಕಿನ ಒಂದು ಒಣ ಕಾಲುವೆಯ ನೆರಳಿನಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಬೀರಲಿಂಗಪ್ಪ, ನೀರು ಬಿಡುತ್ತಾರೆಂಬ ಎಚ್ಚರಿಕೆಯ ಕರೆ ಬಾರದೆ, ಮರಿಗಳನ್ನು ಒಂದೊಂದಾಗಿ ದಂಡೆಗೆ ಎತ್ತಿಹಾಕುತ್ತಲೇ ಕೊಚ್ಚಿಹೋಗಿದ್ದ.

ಆ ಕರೆ ಮಾಡಬೇಕಾಗಿದ್ದದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ 'ನೀರದನಿ' ಎಂಬ ಖಾಸಗಿ ಕಂಪನಿ. ಅಲ್ಲಿ ಊರವರ ಫೋನುಗಳಿಗೆ ತಾವಾಗಿಯೇ ಕರೆ ಕಳಿಸುವ ಮೂರು ಕಂಪ್ಯೂಟರುಗಳು, ಸರ್ವರ್‌ಗಳು. ಅವನ್ನು ನೋಡಿಕೊಳ್ಳುವವಳು ಅಂಜನಾ. ಸಂಜೆಯೊಳಗೆ ಅವಳನ್ನು ಕೋರ್ಟಿಗೆ ಒಯ್ಯಬೇಕಿತ್ತು. ಈ ಸಹಿ ಬಿದ್ದರೆ ಜೈಲು ಖಂಡಿತ. ಅದಕ್ಕಿಂತ ಹೆಚ್ಚಾಗಿ, ತಾನೇ ಕೊಂದೆನೆಂಬ ಮಾತು ಅವಳ ಬದುಕಿನುದ್ದಕ್ಕೂ ಅವಳ ಜೊತೆಯೇ ಇರುತ್ತಿತ್ತು.

ಯಂತ್ರಗಳ ವಿಷಯವನ್ನು ಅನುರಾಧಾಗೆ ತಿಳಿಸಿಕೊಟ್ಟವಳೂ ಅವಳೇ. ಮೊದಲ ದಿನವೇ, ಅಳು ಒರೆಸಿಕೊಳ್ಳುತ್ತ, ಮಗುವಿಗೆ ಹೇಳಿದ ಹಾಗೆ ಹೇಳಿದ್ದಳು. ಆಯಿ ಕಥೆ ಹೇಳುವಾಗ ಹುಡುಗರು ಹೂಂ ಅನ್ನಬೇಕಲ್ಲ, ಹಾಗೆ. ಮೂರು ಸರ್ವರ್‌ಗಳ ಮುಂದೆ ಒಂದು ಯಂತ್ರ ಇರುತ್ತದೆ; ಲೋಡ್ ಬ್ಯಾಲೆನ್ಸರ್ ಅಂತ ಅದರ ಹೆಸರು. ಬಂದ ಕೆಲಸವನ್ನು ಮೂವರಿಗೂ ಹಂಚುವುದು ಅದರ ಕೆಲಸ. ಹಂಚುವ ಮೊದಲು ಅದು ಒಬ್ಬೊಬ್ಬರನ್ನೂ ಕೇಳುತ್ತಲೇ ಇರುತ್ತದೆ, ಎಚ್ಚರ ಇದ್ದೀಯಾ? ಹೂಂ ಅಂದವರಿಗೆ ಕೆಲಸ. ಅನ್ನದವರನ್ನು ಬಿಟ್ಟುಬಿಡುತ್ತದೆ. ಆಗ ಸ್ಕ್ರೀನಿನ ಮೇಲೆ ಹಸಿರು ದೀಪ ಹೋಗಿ ಕೆಂಪಾಗುತ್ತದೆ.

ಅವತ್ತು ಮೂರೂ ಹಸಿರೇ ಇದ್ದವು. ಮೂರನೆಯದು ನಿದ್ದೆಯಲ್ಲಿ ಹೂಂ ಅಂದಿತ್ತು. ಅದರ ಪಾಲಿಗೆ ಬಂದ ಊರುಗಳಿಗೆ ಒಂದು ಕರೆಯೂ ಹೋಗಲಿಲ್ಲ.

ಯಾಕೆ ಹಾಗಾಯಿತೆಂಬುದಕ್ಕೂ ಅಂಜನಾಳ ಬಳಿ ಉತ್ತರವಿತ್ತು. ಪ್ರತಿ ಅಮಾವಾಸ್ಯೆಗೆ 'ನೀರದನಿ'ಯಲ್ಲಿ ಯಂತ್ರಗಳಿಗೆ ಪೂಜೆ. ಲಾರಿಯವರು, ಗಿರಣಿಯವರು ಮಾಡುವಂತೆ ಇಲ್ಲಿಯೂ ಒಂದೊಂದೇ ಯಂತ್ರವನ್ನು ಕೆಲಸದಿಂದ ಬಿಡಿಸಿ, ಆರಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಯಂತ್ರ ಆರಿಸಿದರೆ ಕೆಂಪು ದೀಪ ಹತ್ತಿ, ಈ ಕೆಲಸವನ್ನು ಕಂಪನಿಗೆ ಕರಾರಿನ ಮೇಲೆ ಕೊಟ್ಟ ಕಾಲುವೆ ಸಂಘದವರಿಗೆಲ್ಲ ಗಾಬರಿಯ ಸಂದೇಶ ಹೋಗುತ್ತದೆ. ಅದಾಗದಿರಲೆಂದು ಪೂಜೆ ಮುಗಿಯುವವರೆಗೆ ಅದರ ಹೆಸರಿನಲ್ಲಿ ಬೇರೆ ಯಾವುದೋ ಹೂಂ ಅನ್ನುವಂತೆ ಮಾಡಿಡುವುದು ಅಲ್ಲಿನವರ ರೂಢಿ. ಪೂಜೆ ಆದ ಮೇಲೆ ಅದನ್ನು ತೆಗೆಯಬೇಕು.

ಮೂರನೆಯದರಲ್ಲಿ ತೆಗೆದಿರಲಿಲ್ಲ, ಹೀಗಾಗಿ ಅದು ಕೆಟ್ಟು ಕೂತರೂ ದೀಪ ಹಸಿರೇ ಇತ್ತು. ಬದಲಾವಣೆ ಮಾಡಿದವರ ಹೆಸರಿನ ಜಾಗದಲ್ಲಿ ಅಂಜನಾ ಎಂದಿತ್ತು; ತಾರೀಖು ದಾಖಲಾಗಿರಲಿಲ್ಲ.

ಬಾಗಿಲು ಸರಿಯಿತು. ರಮಾಬಾಯಿ ಒಳಗೆ ಬಂದರು, 'ನೀರದನಿ'ಯ ಒಡತಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಕಂಪನಿ ನಡೆಸಿಕೊಂಡು ಬಂದವರು. ಕೈಯಲ್ಲಿ ಬುತ್ತಿ. ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು. ರೊಟ್ಟಿ ಮುರಿದು, ಮೊಸರು ಕಲಸಿ, ಅಂಜನಾಳ ಕೈಗೆ ಹತ್ತಿರ ಸರಿಸಿದರು. ತನಿಖೆ ಶುರುವಾದಾಗಿನಿಂದ ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ಮನೆಯಲ್ಲಿ ಒಬ್ಬಳೇ ಅಳುತ್ತ ಕೂತಿದ್ದ ಅಂಜನಾಳ ತಾಯಿ ಇಂದ್ರವ್ವನನ್ನು ವಿದ್ಯಾಗಿರಿಯ ತಮ್ಮ ಮನೆಗೇ ಕರೆದುಕೊಂಡು ಹೋಗಿದ್ದರು.

"ಸಹಿ ಮಾಡಿಬಿಡವಾ ತಂಗಿ," ಅಂದರು ಮೆಲ್ಲಗೆ. "ಮರ್ತದ್ದು ಕೊಲಿ ಅಲ್ಲ. ವಕೀಲರನ್ನ ನಾ ಇಡ್ತೇನಿ. ಅವ್ವನ ಚಿಂತಿ ನನಗ ಬಿಡು."

ಅಂಜನಾ ತಲೆಯಾಡಿಸಿದಳು. ರಮಾಬಾಯಿ ಅವಳ ಬೆನ್ನು ಸವರಿ, ಆಫೀಸಿನಲ್ಲಿ ಕೆಲಸವಿದೆಯೆಂದು ಹೊರಟುಹೋದರು.

ಪೆನ್ನಿನ ಮುಳ್ಳು ಕಾಗದಕ್ಕೆ ಮುಟ್ಟಿತು. ಆಗ ಅನುರಾಧಾ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಕಾರಣ ಇಷ್ಟೇ. ಹಿಂದಿನ ದಿನ ಅವರು ಬೀರಲಿಂಗಪ್ಪನ ಹೆಂಡತಿ ಹನಮವ್ವನನ್ನು ಕಾಣಲು ಹೋಗಿದ್ದರು. ಜಗಲಿಯ ಗೂಡಿನಲ್ಲಿ, ಅವರ ಮನೆದೇವರು ಬೀರಪ್ಪನ ಪಟದ ಮುಂದೆ, ಸತ್ತವನ ಫೋನು ಇತ್ತು. ಅವನು ಅದನ್ನು ಬುತ್ತಿಚೀಲದಲ್ಲಿಟ್ಟು ಜಾಲಿಮರಕ್ಕೆ ಸಿಕ್ಕಿಸಿದ್ದರಿಂದ ನೀರಿಗೆ ಸಿಕ್ಕಿರಲಿಲ್ಲ. ಕೊನೆಯ ದಿನ ಅದಕ್ಕೆ ಯಾವ ಕರೆಯೂ ಬಂದಿರಲಿಲ್ಲ. ಹನಮವ್ವ ಅದಕ್ಕೆ ಎಣ್ಣೆಯಲ್ಲಿ ಕಲಸಿದ ಭಂಡಾರ, ದೇವರ ಅರಿಶಿನ, ಹಚ್ಚಿದ್ದಳು. ಗಾಜಿನ ಮೇಲೆ ಆ ಹಳದಿ ಗಟ್ಟಿಯಾಗಿ ಕೂತಿತ್ತು. ಅನುರಾಧಾ ಮುಟ್ಟಿ ನೋಡಿದಾಗ ಬೆರಳಿಗೂ ಬಂತು. ಸಾಬೂನು ಹಾಕಿ ತೊಳೆದರೂ ಇಡೀ ದಿನ ಹೋಗಲಿಲ್ಲ.

ಹೊರಡುವಾಗ ಹನಮವ್ವ ಒಂದೇ ಮಾತು ಕೇಳಿದ್ದಳು. ಹಿಡಿದಿಟ್ಟಿದ್ದೀರಲ್ಲ ಆ ಹುಡುಗಿ, ಅದು ಉಂಡಿತೋ ಇಲ್ಲವೋ ಎಂದು.

ಅನುರಾಧಾ ಈಗ ತಮ್ಮ ಬೆರಳನ್ನು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಹಳದಿ ಇನ್ನೂ ಇತ್ತು. ಮೊದಲ ಮಹಜರಿನ ದಿನ ಯಂತ್ರಗಳ ಮುಂದೆ ವಿಭೂತಿ ಕುಂಕುಮವಷ್ಟೇ ಕಂಡಿತ್ತು, ಹಳದಿ ಕಂಡ ನೆನಪಿರಲಿಲ್ಲ.

"ನಿಮ್ಮ ಮನಿದೇವ್ರೂ ಬೀರಪ್ಪಽ ಅಲ್ಲೇನವಾ?"

"ಹೌದ್ರಿ."

"ಅಮಾಸಿ ದಿನ ಯಂತ್ರಕ್ಕ ಭಂಡಾರ ಹಚ್ಚಿದ್ಯಾ?"

ಅಂಜನಾ ಮಲಕಪ್ಪನ ಕಡೆಗೊಮ್ಮೆ ನೋಡಿದಳು, ಬೈಸಿಕೊಳ್ಳುವವಳ ಹಾಗೆ. ಆಮೇಲೆ ಹೇಳಿದಳು. ಮುಂದಿನ ವಿಭೂತಿ ಕುಂಕುಮವೆಲ್ಲ ಹಿರಿಯ ಇಂಜಿನಿಯರ್ ಕಲ್ಲೇಶನದು. ಯಂತ್ರದೊಳಗೆ ಪುಡಿ ಹೋಗುತ್ತದೆಂದು ಅವನು ಬೇರೆ ಯಾರಿಗೂ ಕೈ ಹಚ್ಚಲು ಬಿಡುವುದಿಲ್ಲ. ಆದರೆ ಮೂರನೆಯದು ಬೇಸಿಗೆಯಿಂದ ಮೇಲಿಂದ ಮೇಲೆ ಬಿಸಿಯಾಗುತ್ತಿತ್ತು. ಅವಳಿಗೆ ಅದರದೇ ಚಿಂತೆ. ಅಮಾವಾಸ್ಯೆಯ ದಿನ ಕಲ್ಲೇಶ ಕಾಯಿ ಒಡೆಯಲು ಹೊರಗೆ ಹೋದಾಗ, ಬೀರಪ್ಪನಿಗೆ ಬೇಡಿಕೊಂಡು, ಹಿಂಬದಿಯಲ್ಲಿ, ಫ್ಯಾನಿನ ಪಕ್ಕದ ತಗಡಿಗೆ ಹೆಬ್ಬೆರಳಿನಿಂದ ಹಚ್ಚಿದ್ದಳು.

"ಒಣಾ ಹಚ್ಚಿದ್ರ ಹಾರತೈತಂತ ಎಣ್ಣಿ ಕಲಸಿದ್ದೆ. ಯಾರಿಗೂ ಹೇಳಿಲ್ರಿ."

"ಇವತ್ತಿಗೂ ಇರಬೇಕದು."

"ಇರಬೇಕ್ರಿ."

ಅನುರಾಧಾ ಎದ್ದು, ಅಂಜನಾಳಿಗೂ ಹೊರಡಲು ಹೇಳಿದರು. ಮಲಕಪ್ಪ ಜೀಪಿನ ಕಡೆಗೆ ನಡೆದ. ಅರ್ಧ ಉಳಿದಿದ್ದ ರೊಟ್ಟಿಯನ್ನು ಅವನು ಕಾಗದದಲ್ಲಿ ಸುತ್ತಿ ಅಂಜನಾಳ ಕೈಗೆ ಕೊಟ್ಟದ್ದನ್ನು ಅವರು ನೋಡಿಯೂ ನೋಡದವರಂತೆ ಇದ್ದರು.

*

ವಿದ್ಯಾಗಿರಿಯ ಆ ಆಫೀಸಿನಲ್ಲಿ ಮೊದಲು ಸಿಗುವುದು ರಮಾಬಾಯಿಯ ಮೇಜು. ಮೇಜಿನ ಮೇಲೆ ಒಂದು ಬೆತ್ತದ ಬುಟ್ಟಿ. ಒಳಗೆ ಹೋಗುವವರು ಫೋನನ್ನು ಅದರಲ್ಲಿಟ್ಟು ಹೋಗಬೇಕು. ಒಬ್ಬ ಹುಡುಗ ಯಂತ್ರದ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಎಲ್ಲ ಆರಿಹೋದಂದಿನಿಂದ ಆ ಪದ್ಧತಿ. ಹೊರಗಿನಿಂದ ಮನೆಯವರ ಕರೆ ಬಂದರೆ ರಮಾಬಾಯಿಯೇ ಎತ್ತಿ, ಒಳಗೆ ಹೋಗಿ ತಿಳಿಸುತ್ತಿದ್ದರು. ಅದಕ್ಕಾಗಿ ಎಲ್ಲರೂ ತಮ್ಮ ಫೋನಿನ ಬೀಗದ ನಂಬರನ್ನು ಅವರಿಗೆ ಹೇಳಿದ್ದರು.

ಜೀಪಿನಿಂದ ಇಳಿದವರನ್ನು ಕಂಡು ಅವರು ಎದ್ದು ನಿಂತರು. ಬೆಲ್ಲ ನೀರು ತರಿಸಿದರು. ಮತ್ತೆ ಯಾಕೆ ಮಹಜರು ಎಂದು ಕೇಳಿದರು. ಒಂದು ಸಣ್ಣ ವಿಷಯ ನೋಡುವುದಿದೆ ಎಂದರು ಅನುರಾಧಾ.

ಮಲಕಪ್ಪ ತನ್ನ ಫೋನನ್ನು ಬುಟ್ಟಿಗೆ ಹಾಕಿದ. ಅನುರಾಧಾ ಹಾಕಲಿಲ್ಲ. ಅವರ ಚೀಲದಲ್ಲಿ ಅವರದೂ ಇತ್ತು, ವಶಪಡಿಸಿಕೊಂಡ ಅಂಜನಾಳ ಫೋನೂ ಇತ್ತು. ಅದಕ್ಕೆ ಬರುವ ಕರೆಗಳ ಮೇಲೆ ಕಣ್ಣಿಡಲು ಅದನ್ನು ಆರಿಸಿರಲಿಲ್ಲ.

ರಮಾಬಾಯಿ ನಕ್ಕು ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡರು.

ಕಲ್ಲೇಶ ಒಳಗಿದ್ದ. ಇಳಕಲ್ಲಿನವನು, ನಲವತ್ತರ ಸುಮಾರಿನವನು. ಯಂತ್ರದ ಕೋಣೆಯ ತಂಪಿಗೆ ಬಗಲಿಗೆ ಕೈ ಸೇರಿಸಿಕೊಂಡು ನಿಂತಿದ್ದ. ಅಂಜನಾಳನ್ನು ಕಂಡೊಡನೆ ಅವನು ಮುಖ ತಿರುಗಿಸಿದ.

ಮೂರು ಸರ್ವರ್‌ಗಳು ಒಂದರ ಮೇಲೊಂದು ಕಬ್ಬಿಣದ ಚೌಕಟ್ಟಿನಲ್ಲಿದ್ದವು. ಮೂರರ ಮುಂಭಾಗದಲ್ಲೂ ವಿಭೂತಿಯ ಗೆರೆ, ನಡುವೆ ಕುಂಕುಮ. ಅನುರಾಧಾ ಅಲ್ಲಿ ನಿಲ್ಲಲಿಲ್ಲ. ಚೌಕಟ್ಟಿನ ಹಿಂದೆ ಹೋಗಿ ಮಂಡಿಯೂರಿದರು. ಮಲಕಪ್ಪ ಬ್ಯಾಟರಿ ಹಿಡಿದ.

ಮೊದಲನೆಯದರ ಬೆನ್ನಿನ ಮೇಲೆ ಮಣ್ಣಿನ ಬಣ್ಣದ ಧೂಳು. ಎರಡನೆಯದರ ಮೇಲೂ ಹಾಗೆಯೇ. ಮೂರನೆಯದರ ಮೇಲೆ ಅಂಥ ಧೂಳಿಲ್ಲ. ಹಳದಿಯೂ ಇಲ್ಲ.

ಅಂಜನಾ ಬಗ್ಗಿ ಕೈ ಚಾಚಿದಳು. ತಗಡಿನ ಮೇಲೆ, ಫ್ಯಾನಿನ ಪಕ್ಕದಲ್ಲಿ, ಹೆಬ್ಬೆರಳು ಇಟ್ಟಳು. ಅಲ್ಲೇ ಬಹಳ ಹೊತ್ತು ಇಟ್ಟುಕೊಂಡಿದ್ದಳು.

"ಇದು ನಂದಲ್ರಿ," ಅಂದಳು.

ಅನುರಾಧಾ ಎದ್ದು, ಮಂಡಿಗೆ ಹತ್ತಿದ ಧೂಳು ಕೊಡವಿದರು. ಕಲ್ಲೇಶನ ಎದುರಿಗೆ ಬಂದು ನಿಂತರು.

"ಕಲ್ಲೇಶ, ಈ ಯಂತ್ರ ಅಮಾಸಿ ದಿನ ಈ ಕೋಣ್ಯಾಗ ಇದ್ದಿಲ್ಲ."

"ಮುಂದ ಕುಂಕುಮ ಕಾಣವಲ್ದೇನ್ರಿ ಮೇಡಂ?"

"ಕಾಣತೈತಿ. ಅದನ್ನ ಆಮ್ಯಾಲ ಹಚ್ಚಿದವ್ರು ಯಾರು?"

"ನಾನಽ ಅಮಾಸಿಗೆ..."

"ಅಮಾಸಿಗೆ ಈ ಹುಡುಗಿ ಇದರ ಬೆನ್ನಿಗೆ ಭಂಡಾರ ಹಚ್ಚಿತ್ತು. ಎಣ್ಣಿ ಕಲಸಿ. ನಿನಗದು ಗೊತ್ತಿದ್ದಿಲ್ಲ. ಅದಕ್ಕ ಮುಂದಿಂದಷ್ಟಽ ಹಚ್ಚಿದಿ."

ಯಾರೋ ಒರೆಸಿರಬೇಕು ಎಂದ ಕಲ್ಲೇಶ. ಅನುರಾಧಾ ತಮ್ಮ ಬೆರಳನ್ನು ಅವನ ಮುಖದ ಮುಂದೆ ಹಿಡಿದರು. ನಿನ್ನೆ ಒಂದು ಸಲ ಮುಟ್ಟಿದ್ದು, ಇನ್ನೂ ಹೋಗಿಲ್ಲ ಎಂದರು. ಮುಟ್ಟಿದ್ದು ಯಾವುದನ್ನು ಎಂಬುದನ್ನೂ ಹೇಳಿದರು. ಸತ್ತವನ ಫೋನು, ಅವನ ಹೆಂಡತಿ ಅದನ್ನು ದೇವರ ಗೂಡಿನಲ್ಲಿಟ್ಟಿರುವುದು, ಅದು ಇವತ್ತು ರಿಂಗಾಗಬಹುದೆಂಬಂತೆ ಅವಳು ಅದನ್ನು ದಿನವೂ ಚಾರ್ಜು ಮಾಡುವುದು.

ಕಲ್ಲೇಶ ಖಾಲಿ ರಟ್ಟಿನ ಡಬ್ಬಿಯೊಂದನ್ನು ಎಳೆದುಕೊಂಡು ಕೂತ. ಮಲಕಪ್ಪ ತನಗೆ ಕೊಟ್ಟಿದ್ದ ಬೆಲ್ಲ ನೀರಿನ ಲೋಟವನ್ನು ತಂದು ಅವನ ಕೈಗಿಟ್ಟ.

ಆಮೇಲೆ ಅವನು ಹೇಳಿದ. ಅಮಾವಾಸ್ಯೆಯಾಗಿ ಕೆಲವೇ ದಿನಕ್ಕೆ ಮೂರನೆಯ ಯಂತ್ರದ ಹೊಟ್ಟೆ ಸುಟ್ಟು ವಾಸನೆ ಬಂತು. ಹೊಸದು ಬರಲು ತಡ. ಕಾಲುವೆ ಸಂಘದ ಕರಾರಿನಂತೆ ಯಾವಾಗಲೂ ಮೂರು ಯಂತ್ರ ನಡೆಯುತ್ತಿರಬೇಕು; ಒಂದು ಕೆಂಪಾದರೂ ಕರಾರು ಹೋಗುತ್ತದೆ. ರಮಾಬಾಯಿ ಅವನನ್ನು ಕರೆದು, ಅಟ್ಟದ ಮೇಲಿದ್ದ ಹಳೆಯದನ್ನು ಅದರ ಜಾಗಕ್ಕೆ ಕೂಡಿಸು ಎಂದರು. ಹಳೆಯದಕ್ಕೆ ಕರೆ ಹೋಗುವ ತಂತಿಯನ್ನೇ ಜೋಡಿಸಿರಲಿಲ್ಲ. ಕೆಲಸ ಕೊಟ್ಟರೆ ತೆಗೆದುಕೊಂಡು ಸುಮ್ಮನಿರುತ್ತಿತ್ತು, ಅಷ್ಟೇ. ಅದಕ್ಕೆ ಅವನು ಪೂಜೆಯ ದಿನದ ಹೂಂ ಹಾಕಿದ. ಆ ಕೋಣೆಯ ಕಂಪ್ಯೂಟರು ಯಾವಾಗಲೂ ಅಂಜನಾಳ ಹೆಸರಿನಲ್ಲಿಯೇ ತೆರೆದಿರುತ್ತಿತ್ತು. ಎಲ್ಲರೂ ಅದರಲ್ಲೇ ಕೆಲಸ ಮಾಡುತ್ತಿದ್ದರು. ಹೀಗಾಗಿ ಅವಳ ಹೆಸರು ಬಿತ್ತು.

"ನಾ ತಪ್ಪ ಮಾಡೇನ್ರಿ. ಈ ಹುಡುಗಿ ಹೆಸರು ಬಂದಾಗ ಸುಮ್ಮ ಕುಂತಿದ್ದೂ ತಪ್ಪ. ಖರೆ, ಆ ಮನಿಷ್ಯಾನ್ನ ನಾ ಕೊಂದಿಲ್ಲ."

"ಅದಕ್ಕ ಕೆಲಸಾ ಕೊಟ್ಟವ್ರು ಯಾರು ಮತ್ತ?"

"ಅದನ್ನಽ ಹೇಳಾಕ ಹತ್ತೇನ್ರಿ. ನಾ ಅದಕ್ಕ ಪಾಲು ಸೊನ್ನಿ ಇಟ್ಟಿದ್ದೆ. ಬರೇ ಹಸಿರ ದೀಪಾ ತೋರ್ಸಾಕ. ಎಲ್ಲಾ ಕೆಲಸಾ ಮೊದಲಿನ ಎರಡಕ್ಕಽ ಹೋಗಬೇಕು, ಹಂಗ ಮಾಡಿದ್ದೆ. ಅದನ್ನ ಯಾರೋ ಬದಲಿ ಮಾಡ್ಯಾರ."

ಅನುರಾಧಾ ಮಾತಾಡುವ ಮೊದಲೇ ಹಿಂದಿನಿಂದ ಸಣ್ಣ ದನಿ ಬಂತು.

"ಅದು ನಾ ಮಾಡೇನ್ರಿ."

ಅಂಜನಾ ಗೋಡೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ರೊಟ್ಟಿ ಹಾಗೆಯೇ ಇತ್ತು.

"ಅವತ್ತ ಅವ್ವಗ ಜ್ವರಾ ಇತ್ತು. ರಮಾಬಾಯಿ ಅಕ್ಕಾರಽ, ಬರಬ್ಯಾಡ, ಮನಿಯಿಂದಽ ನೋಡು ಅಂದಿದ್ರು. ನೋಡಿದ್ರ, ಎರಡ ಯಂತ್ರ ಏಕಾ ದುಡಿಯಾಕ ಹತ್ತಿದ್ವು, ಇದೊಂದು ಸುಮ್ಮ ಕುಂತಿತ್ತು. ಹಸಿರ ದೀಪಾ ಇತ್ತು. ಮೂರಕ್ಕೂ ಸಮಾ ಹಂಚಿದೆ. ಅದು ತಪ್ಪಂತ ನನಗ ಅನಸಽಲಿಲ್ಲ. ಯಾರೂ ಕೇಳಲೂ ಇಲ್ಲ."

ಕಲ್ಲೇಶ ಕಣ್ಣು ಮುಚ್ಚಿಕೊಂಡ. ಠಾಣೆಯಲ್ಲಿ ಒಪ್ಪಿಕೊಂಡ ತಪ್ಪು ಅವಳದಾಗಿರಲಿಲ್ಲ. ಒಪ್ಪಿಕೊಳ್ಳದೆ ಬಿಟ್ಟದ್ದು ಅವಳದಾಗಿತ್ತು. ಬಿಡುವಿಲ್ಲದೆ ದುಡಿಯುತ್ತಿದ್ದ ಎರಡರ ಹೊರೆ ಹಗುರ ಮಾಡಲು ಹೋಗಿದ್ದಳು ಹುಡುಗಿ. ಅನುರಾಧಾ ಅವಳ ಭುಜದ ಮೇಲೆ ಕೈಯಿಟ್ಟರು; ಇನ್ಸ್‌ಪೆಕ್ಟರ್ ಹಾಗೆ ಮಾಡಬಾರದು, ಆದರೂ ಇಟ್ಟರು.

"ನಿನಗಽ ಹೊಳೀತೋ, ಯಾರರೆ ಹೇಳಿದ್ರೋ?"

"ಕಲ್ಲೇಶಣ್ಣನಽ ಮೆಸೇಜ್ ಮಾಡಿದ್ದ್ರಿ. ಮೂರನೇದಕ್ಕೂ ಪಾಲು ಕೊಡು ಅಂತ."

"ನಾ ಮಾಡಿಲ್ಲ," ಎಂದ ಕಲ್ಲೇಶ ಎದ್ದು ನಿಂತು. ಲೋಟದ ನೀರು ಚೆಲ್ಲಿತು.

ಅನುರಾಧಾ ಚೀಲದಿಂದ ಅಂಜನಾಳ ಫೋನು ತೆಗೆದರು. ನೀರು ಬಿಟ್ಟ ದಿನದ ಬೆಳಗಿನ ಸಂದೇಶಗಳಲ್ಲಿ ಅದು ಇತ್ತು. ಕಲ್ಲೇಶನ ಹೆಸರು, ಅವನ ನಂಬರು. ಮೂರನೇದಕ್ಕೂ ಸಮ ಪಾಲು ಕೊಡು, ತಡ ಮಾಡಬೇಡ.

ಕಲ್ಲೇಶ ಅದನ್ನು ಓದಿದ, ಮತ್ತೆ ಓದಿದ. ಅವತ್ತು ಬೆಳಗಿನಿಂದ ಮಧ್ಯಾಹ್ನದವರೆಗೆ ತಾನು ಈ ಕೋಣೆಯಲ್ಲೇ ತಂತಿ ಬದಲಿಸುತ್ತಿದ್ದೆ ಎಂದ. ಒಮ್ಮೆಯೂ ಹೊರಗೆ ಬಂದಿರಲಿಲ್ಲ. ತನ್ನ ಫೋನಿನಲ್ಲಿ ಇಂಥದೊಂದು ಸಂದೇಶ ಹೋದ ಗುರುತೂ ಇರಲಿಲ್ಲ. ಇದ್ದಿದ್ದರೆ ಅವತ್ತೇ ನೋಡುತ್ತಿದ್ದೆ, ಯಾರೋ ಕಳಿಸಿ ಅಳಿಸಿರಬೇಕು ಎಂದ.

"ಫೋನ್ ಎಲ್ಲಿತ್ತು?"

ಅವನು ಗಾಜಿನ ಬಾಗಿಲ ಆಚೆ ನೋಡಿದ. ಮಲಕಪ್ಪನೂ ನೋಡಿದ. ಅಲ್ಲಿ ಮೇಜು, ಮೇಜಿನ ಮೇಲೆ ಬೆತ್ತದ ಬುಟ್ಟಿ.

"ಅಕ್ಕಾರಿಗೆ ಗೊತ್ತಿತ್ತೇನು, ಇದು ಖಾಲಿ ಯಂತ್ರ ಅಂತ?"

"ಇದಕ್ಕ ಕೆಲಸಾ ಕೊಟ್ರ ಒಂದ ಕರೀನೂ ಹೋಗಾಂಗಿಲ್ರಿ ಅಕ್ಕಾರ ಅಂತ ನಾ ಖುದ್ದ ಹೇಳೇನಿ," ಎಂದ ಕಲ್ಲೇಶ. "ಎರಡ ಸರ್ತಿ ಹೇಳೇನಿ. ಅವತ್ತ ಸಂಘದವ್ರು ಮೂರೂ ಯಂತ್ರದ ಲೆಕ್ಕಾ ನೋಡಾವ್ರಿದ್ರು, ಇದರ ಪಾಲು ಸೊನ್ನಿ ಕಂಡ್ರ ಕರಾರು ಹೋಗತಿತ್ತು."

ಮಲಕಪ್ಪ ಆಗಲೇ ಬಾಗಿಲು ತಳ್ಳಿ ಹೊರಗೆ ಹೋಗಿದ್ದ. ಅನುರಾಧಾ ಹಿಂದೆಯೇ ಬಂದರು. ಮೇಜಿನ ಮೇಲೆ ಬುಟ್ಟಿ ಇದ್ದಲ್ಲೇ ಇತ್ತು. ಅದರಲ್ಲಿ ಮಲಕಪ್ಪನ ಫೋನು, ಕಲ್ಲೇಶನ ಫೋನು. ತಂದಿಟ್ಟ ಬೆಲ್ಲ ನೀರಿನ ತಾಟಿಗೆ ನೊಣ ಬೀಳದಂತೆ ಯಾರೋ ಬಿಳಿ ವಸ್ತ್ರ ಮುಚ್ಚಿ ಹೋಗಿದ್ದರು. ಕುರ್ಚಿ ಖಾಲಿಯಿತ್ತು.

ಅನುರಾಧಾರ ಕೈಯಲ್ಲಿದ್ದ ಫೋನು ರಿಂಗಾಗತೊಡಗಿತು. ಅಂಜನಾಳ ಫೋನು. ಅದರ ಮೇಲೆ 'ಅವ್ವ' ಎಂದು ಮೂಡಿತ್ತು.

ಅಂಜನಾಳ ಮುಖ ಅರಳಿತು. ಅನುರಾಧಾ ಅವಳಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದರು.

"ಅನುರಾಧಾ ಬಾಯಾರ," ಎಂದಿತು ಆ ಕಡೆಯ ದನಿ. ಬುತ್ತಿ ಬಿಚ್ಚುವಾಗಿನ ರಮಾಬಾಯಿಯ ಅದೇ ಮೆಲು ದನಿ. "ಇಂದ್ರವ್ವ ಇಲ್ಲೆ ನನ್ನ ಬಾಜೂಕಽ ಕುಂತಾಳ್ರಿ. ಮಗಳು ಸಹಿ ಮಾಡಿದ್ಲೋ ಇಲ್ಲೋ ಅಂತ ಒಂದಽ ಸವನ ಕೇಳಾಕ ಹತ್ತ್ಯಾಳ. ಏನ ಹೇಳ್ಲಿ?"

ಮಲಕಪ್ಪ ಜೀಪಿನ ಕಡೆಗೆ ಓಡಿದ. ಅನುರಾಧಾ ದನಿ ಏರಿಸಲಿಲ್ಲ.

"ಇಂದ್ರವ್ವನ ಕೈಯಾಗ ಫೋನ್ ಕೊಡ್ರಿ."

"ಆಕಿಗೆ ಈಗ ಮಾತಾಡಾಕ ಆಗೂದಿಲ್ರಿ. ಜ್ವರಾ ಭಾಳ ಐತಿ."

"ಮಾತ ಬ್ಯಾಡ. ಒಮ್ಮಿ ಹೂಂ ಅನ್ನಾಕ ಹೇಳ್ರಿ, ಸಾಕು."

ಆ ಕಡೆ ಏನೋ ಸರಿದ ಸದ್ದಾಯಿತು.

"ಹೂಂ," ಎಂದಿತು ಫೋನು.

ಅಂಜನಾಳ ಕೈಯಿಂದ ರೊಟ್ಟಿಯ ಕಾಗದ ಜಾರಿ ನೆಲಕ್ಕೆ ಬಿತ್ತು. ಅವಳು ಅನುರಾಧಾರ ತೋಳು ಹಿಡಿದು, ತುಟಿಯಷ್ಟೇ ಅಲುಗುವಂತೆ ಹೇಳಿದಳು:

"ಅದು ನಮ್ಮವ್ವನ ದನಿ ಅಲ್ರಿ."